ಎರಡು ಸಿಲಿಂಡರ್ ಬೈಕಿನ ಕ್ಯಾಮ್ ಟೈಮಿಂಗ್: ಗುರುತು ಕೂಡಿದ ಮೇಲೂ ಅಳೆಯಬೇಕು

ಹೆಡ್ ಬಿಚ್ಚಿ ಕಟ್ಟಿದ ಎಂಜಿನ್ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ನಿಲ್ಲುತ್ತದೆ, ಹೊಗೆಯೂ ಇಲ್ಲ. ಆದರೆ ಎಳೆತ ಮೊದಲಿನಂತಿಲ್ಲ. ಹುಬ್ಬಳ್ಳಿ ಬಿಟ್ಟು ಧಾರವಾಡದ ಕಡೆ ಏರುವಾಗ ನಾಲ್ಕನೇ ಗೇರಿನಲ್ಲಿ ಆರಾಮಾಗಿ ಹೋಗುತ್ತಿದ್ದ ಗಾಡಿ ಈಗ ಮೂರನೇ ಗೇರು ಕೇಳುತ್ತದೆ. ಮಾಲೀಕ ಪೆಟ್ರೋಲಿನ ಮೇಲೆ ಅನುಮಾನ ಪಡುತ್ತಾನೆ, ಪ್ಲಗ್ ಬದಲಿಸುತ್ತಾನೆ, ಏರ್ ಫಿಲ್ಟರ್ ಊದಿಸುತ್ತಾನೆ. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ಕಡೆ ಯಾರೂ ನೋಡುವುದಿಲ್ಲ. ಕೇಳಿದರೆ ಗ್ಯಾರೇಜಿನವರ ಉತ್ತರ ಒಂದೇ: "ಮಾರ್ಕಿಗೆ ಮಾರ್ಕ್ ಕೂಡಿಸೀನ್ರಿ, ಟೈಮಿಂಗ್ ಪಕ್ಕಾ ಐತಿ."

ಚೈನ್ ಸ್ಪ್ರಾಕೆಟ್ಟಿನ ಮೇಲಿನ ಚುಕ್ಕೆ, ಅಂದರೆ ಮಾರ್ಕ್, ಕೂಡಿರುವುದು ನಿಜವೇ ಇರಬಹುದು. ಆದರೆ ಆ ಮಾರ್ಕ್ ಹೊಡೆದದ್ದು ಹೊಸ ಚೈನ್, ಕೆರೆಯದ ಹೆಡ್, ಕಂಪನಿಯ ದಪ್ಪದ ಗ್ಯಾಸ್ಕೆಟ್ ಇದ್ದ ಕಾಲಕ್ಕೆ. ಈ ಮೂರರಲ್ಲಿ ಒಂದು ಬದಲಾದರೂ ಚುಕ್ಕೆ ಕೂಡುತ್ತದೆ, ವಾಲ್ವ್ ಮಾತ್ರ ಹೇಳಿದ ಹೊತ್ತಿಗೆ ತೆರೆಯುವುದಿಲ್ಲ. ಅದನ್ನು ಡಿಗ್ರಿ ಚಕ್ರ (ಕ್ರ್ಯಾಂಕ್ ಎಷ್ಟು ತಿರುಗಿತೆಂದು ತೋರಿಸುವ ತಟ್ಟೆ) ಮತ್ತು ಡಯಲ್ ಗೇಜ್ (ಸಣ್ಣ ಚಲನೆ ಅಳೆಯುವ ಮುಳ್ಳಿನ ಗೇಜ್) ಇಟ್ಟು ಅಳೆದು ತಿದ್ದುವ ಕ್ರಮ ಇಲ್ಲಿದೆ. ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಸಡಿಲು ಹೊಂದಿಸುವುದು) ಸ್ವಂತ ಮಾಡಿಕೊಳ್ಳುವಷ್ಟು ಕೈ ಪಳಗಿದವರಿಗೆ ಇದು ಸಾಧ್ಯ. ಟಾರ್ಕ್ ಪಾನಾ ಹಿಡಿದೇ ಗೊತ್ತಿಲ್ಲದವರು, ಗಾಡಿ ಇನ್ನೂ ವಾರಂಟಿಯಲ್ಲಿ ಇರುವವರು ಓದಿ ತಿಳಿದುಕೊಂಡರೆ ಸಾಕು, ಕವರ್ ಬಿಚ್ಚುವುದು ಬೇಡ.

ಮೊದಲು ಲೆಕ್ಕ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಆದ್ದರಿಂದ ಕ್ಯಾಮ್ ಮೇಲೆ ಆದ ಒಂದು ಡಿಗ್ರಿ ತಪ್ಪು ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಡಿಗ್ರಿ. ಕ್ಯಾಮ್ ಸ್ಪ್ರಾಕೆಟ್ಟಿಗೆ 36 ಹಲ್ಲು ಇದ್ದವು ಎನ್ನೋಣ. ಚೈನ್ ಒಂದು ಹಲ್ಲು ಜಾರಿ ಕೂತರೆ ಕ್ಯಾಮ್ 10 ಡಿಗ್ರಿ, ಕ್ರ್ಯಾಂಕಿನಲ್ಲಿ 20 ಡಿಗ್ರಿ ವ್ಯತ್ಯಾಸ. ಅಷ್ಟಾದರೆ ಗಾಡಿಯೇ ಹೇಳುತ್ತದೆ: ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಇಲ್ಲವೇ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ನಮ್ಮನ್ನು ಕಾಡುವುದು ಅದಲ್ಲ. 3, 4, 5 ಡಿಗ್ರಿಯ ತಪ್ಪು ಸದ್ದಿಲ್ಲದೆ ಕೂತಿರುತ್ತದೆ.

ಅದು ಎಲ್ಲಿಂದ ಬರುತ್ತದೆ ನೋಡಿ. ಸಾಮಾನ್ಯ ಟೈಮಿಂಗ್ ಚೈನಿನ ಪಿಚ್ (ಪಕ್ಕಪಕ್ಕದ ಎರಡು ಪಿನ್ನುಗಳ ನಡುವಿನ ದೂರ) 6.35 ಮಿ.ಮೀ. ಇದ್ದರೆ, 36 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಅಷ್ಟು ಉದ್ದಕ್ಕೆ 20 ಡಿಗ್ರಿ ಕ್ರ್ಯಾಂಕ್. ಎಳೆಯುವ ಬದಿಯ ಚೈನ್ ಸವೆದು 1 ಮಿ.ಮೀ. ಉದ್ದವಾದರೆ ಸುಮಾರು 3 ಡಿಗ್ರಿ ಹಿಂದೆ ಬಿತ್ತು. ಹೆಡ್ ಸೊಟ್ಟಗಾಗಿದೆ ಎಂದು ಲೇತ್‌ನವರು 0.5 ಮಿ.ಮೀ. ಕೆರೆದರೆ ಹೆಡ್ ಕ್ರ್ಯಾಂಕಿಗೆ ಅಷ್ಟು ಹತ್ತಿರ ಬರುತ್ತದೆ, ಸಡಿಲವಾದ ಚೈನನ್ನು ಟೆನ್ಷನರ್ (ಚೈನ್ ಒತ್ತಿ ಬಿಗಿಯಾಗಿಡುವ ಭಾಗ) ತನ್ನ ಬದಿಗೆ ಎಳೆದುಕೊಳ್ಳುತ್ತದೆ, ಕ್ಯಾಮ್ ಇನ್ನೂ 1.6 ಡಿಗ್ರಿಯಷ್ಟು ಹಿಂದೆ ಸರಿಯುತ್ತದೆ. ಎರಡೂ ಸೇರಿದರೆ ಐದು ಡಿಗ್ರಿ ಹತ್ತಿರ. ಚುಕ್ಕೆ ಅರ್ಧ ಹಲ್ಲೂ ಸರಿದಿರುವುದಿಲ್ಲ, ಕಣ್ಣಿಗೆ "ಕೂಡೇತಿ" ಅಂತಲೇ ಕಾಣುತ್ತದೆ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಇದರ ಉಲ್ಟಾ, ಕ್ಯಾಮ್ ಮುಂದೆ ಸರಿಯುತ್ತದೆ.

ನಿಮ್ಮದು ಯಾವ ಟ್ವಿನ್?

ಟ್ವಿನ್ ಎಂದರೆ ಎರಡು ಸಿಲಿಂಡರಿನದು. ಸಿಂಗಲ್ ಸಿಲಿಂಡರ್ ಗಾಡಿಯಲ್ಲಿ ಈ ಪ್ರಶ್ನೆ ಇಲ್ಲ. ಟ್ವಿನ್‌ನಲ್ಲಿ ಇದನ್ನು ತಿಳಿಯದೆ ಮುಂದೆ ಹೋದರೆ ಅರ್ಧ ದಾರಿಯಲ್ಲಿ ತಲೆ ಕೆಡುತ್ತದೆ.

ಹಳೆಯ ಬ್ರಿಟಿಷ್ ಟ್ವಿನ್‌ಗಳು, ಅಂದರೆ 1937ರಲ್ಲಿ ಬಂದ ಟ್ರಯಂಫ್ ಸ್ಪೀಡ್ ಟ್ವಿನ್ ಮಾದರಿಯವು, 360 ಡಿಗ್ರಿ ಕ್ರ್ಯಾಂಕಿನವು. ಎರಡೂ ಪಿಸ್ಟನ್ ಜೊತೆಯಾಗಿ ಮೇಲೆ ಬರುತ್ತವೆ, ಜೊತೆಯಾಗಿ ಇಳಿಯುತ್ತವೆ. ಒಂದು ಸಿಲಿಂಡರ್ ಒಳಗಿನ ಗಾಳಿ ಒತ್ತುವ ಕಂಪ್ರೆಷನ್‌ನಲ್ಲಿದ್ದಾಗ ಇನ್ನೊಂದು ಎಕ್ಸಾಸ್ಟ್ (ಹೊಗೆ ಹೊರಹಾಕುವುದು) ಮುಗಿಸಿ ಇಂಟೇಕ್ (ಹೊಸ ಗಾಳಿ ಎಳೆಯುವುದು) ಶುರುಮಾಡುವ ಹೊತ್ತು. ಹಾಗಾಗಿ ಒಂದು ಬದಿಯ ಎರಡೂ ವಾಲ್ವ್ ಮುಚ್ಚಿ ರಾಕರ್ ಸಡಿಲವಿರುತ್ತದೆ, ಇನ್ನೊಂದು ಬದಿಯ ಎರಡೂ ವಾಲ್ವ್ ಚೂರು ಚೂರು ತೆರೆದಿರುತ್ತವೆ. ಗುರುತಿಸುವುದು ಸುಲಭ.

ಯಮಹಾ ಆರ್3, ಕವಾಸಕಿ ನಿಂಜಾ 300 ತರಹದವು 180 ಡಿಗ್ರಿ. ಒಂದು ಪಿಸ್ಟನ್ ಮೇಲಿದ್ದರೆ ಇನ್ನೊಂದು ಪೂರ್ತಿ ಕೆಳಗೆ. ಇವಕ್ಕೆ ಇಂಟೇಕಿಗೊಂದು, ಎಕ್ಸಾಸ್ಟಿಗೊಂದು ಹೀಗೆ ಎರಡು ಕ್ಯಾಮ್. ಎರಡನ್ನೂ ಬೇರೆ ಬೇರೆ ಅಳೆಯಬೇಕು.

ಈಗ ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವುದು 270 ಡಿಗ್ರಿಯವು. 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿ 650 ಈ ಜಾತಿಯವು: 648 ಸಿಸಿ, ಬೋರ್ 78 ಮಿ.ಮೀ., ಸ್ಟ್ರೋಕ್ 67.8 ಮಿ.ಮೀ., ಎಂಟು ವಾಲ್ವಿಗೂ ಸೇರಿ ತಲೆಯ ಮೇಲೆ ಒಂದೇ ಕ್ಯಾಮ್. ಈ ವಿನ್ಯಾಸವನ್ನು ಉತ್ಪಾದನೆಗೆ ಮೊದಲು ತಂದದ್ದು 1995ರ ಯಮಹಾ ಟಿಆರ್‌ಎಕ್ಸ್ 850. ಆ ಡುಗ್-ಡುಗ್ ಸದ್ದಿಗೆ ಕಾರಣ ಪಟಾಕಿ ಸಿಡಿಯುವ ಅಂತರ: ಒಂದು ಸಿಲಿಂಡರ್ ಹೊಡೆದ 270 ಡಿಗ್ರಿಗೆ ಎರಡನೆಯದು, ಅದಾದ 450 ಡಿಗ್ರಿಗೆ ಮತ್ತೆ ಮೊದಲನೆಯದು.

ಟೈಮಿಂಗ್ ಕಟ್ಟುವವನಿಗೆ ಇದರಲ್ಲಿ ಒಂದು ಉಪಕಾರ ಇದೆ. ಮೊದಲು ಹೊಡೆಯುವುದನ್ನು 'ಅ' ಎನ್ನೋಣ, 270ರ ನಂತರ ಹೊಡೆಯುವುದನ್ನು 'ಆ' ಎನ್ನೋಣ. 'ಅ' ಸಿಲಿಂಡರ್ ಕಂಪ್ರೆಷನ್ ಟಿಡಿಸಿಯಲ್ಲಿ (ಟಿಡಿಸಿ ಎಂದರೆ ಪಿಸ್ಟನ್ ತೀರ ಮೇಲಿರುವ ಜಾಗ) ನಿಂತಾಗ 'ಆ' ಸಿಲಿಂಡರ್ ಇಂಟೇಕ್ ಸ್ಟ್ರೋಕಿನ ನಡುವೆ ಇರುತ್ತದೆ, ಅದರ ಇಂಟೇಕ್ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ತೆರೆದಿರಬೇಕು. ಮುಕ್ಕಾಲು ಸುತ್ತು ಮುಂದೆ ತಿರುಗಿಸಿದರೆ 'ಆ' ಕಂಪ್ರೆಷನ್ ಟಿಡಿಸಿಗೆ ಬರುತ್ತದೆ. ಆಗ 'ಅ' ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಪೂರ್ತಿ ತೆರೆದಿರಬೇಕು. ಈ ಎರಡೂ ಕಂಡರೆ ಒಂದು ಸುತ್ತಿನ ದೊಡ್ಡ ತಪ್ಪು ಆಗಿಲ್ಲ ಎಂದು ಖಾತ್ರಿ. ಯಾವುದು 'ಅ', ಯಾವುದು 'ಆ' ಎಂದು ಮ್ಯಾನುಯಲ್ ಹುಡುಕುವ ಗರಜೂ ಇಲ್ಲ. ಎಡ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಗಾಳಿ ನೂಕುವವರೆಗೆ ತಿರುಗಿಸಿ, ಅಲ್ಲಿಂದ ಮುಕ್ಕಾಲು ಸುತ್ತಿಗೆ ಬಲದ ತೂತು ಗಾಳಿ ನೂಕಿದರೆ ಎಡದ್ದೇ 'ಅ'. ನೂಕದೆ ಒಂದೂ ಕಾಲು ಸುತ್ತು ತೆಗೆದುಕೊಂಡರೆ ಬಲದ್ದು 'ಅ'.

ಸಾಮಾನು

ಡಯಲ್ ಗೇಜ್, 0.01 ಮಿ.ಮೀ. ಓದುವಂಥದ್ದು, ಕನಿಷ್ಠ 10 ಮಿ.ಮೀ. ಓಟ ಇರಬೇಕು. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಜೊತೆ ಬೇಕೇ ಬೇಕು; ಹೆಡ್ ಅಲ್ಯುಮಿನಿಯಂ ಆದ್ದರಿಂದ ಮ್ಯಾಗ್ನೆಟ್ ಅದಕ್ಕೆ ಅಂಟುವುದಿಲ್ಲ, ಕವರಿನ ಬೋಲ್ಟ್ ತೂತಿಗೆ ಒಂದು ಕಬ್ಬಿಣದ ಪಟ್ಟಿ ಬಿಗಿದು ಅದರ ಮೇಲೆ ಕೂರಿಸಬೇಕು. ಫೀಲರ್ ಗೇಜ್, ಟಾರ್ಕ್ ಪಾನಾ, ಬೋಲ್ಟಿಗೆ ಹಚ್ಚುವ ಥ್ರೆಡ್ ಲಾಕ್, ಚೈನ್ ಕಟ್ಟಲು ತೆಳು ತಂತಿ, ಮಕ್ಕಳು ಆಡುವ ಮೆತ್ತನೆ ಮೈನದ (ಕ್ಲೇ) ಒಂದು ಡಬ್ಬಿ.

ಡಿಗ್ರಿ ಚಕ್ರಕ್ಕೆ ದುಡ್ಡು ಸುರಿಯಬೇಕಿಲ್ಲ, ಆದರೆ ಸಣ್ಣದು ಬೇಡ. ಹಳೆಯ ಸಿಡಿಗೆ ಡಿಗ್ರಿ ಕಾಗದ ಅಂಟಿಸುವವರಿದ್ದಾರೆ, 12 ಸೆಂ.ಮೀ. ಅಗಲದ ಸಿಡಿಯ ಅಂಚಿನಲ್ಲಿ ಒಂದು ಡಿಗ್ರಿಗೆ ಸಿಗುವುದು 1 ಮಿ.ಮೀ. ಜಾಗ, ಅರ್ಧ ಡಿಗ್ರಿ ಓದಲು ಕಣ್ಣು ಕಿತ್ತುಹೋಗುತ್ತದೆ. 25 ಸೆಂ.ಮೀ. ಚಕ್ರದಲ್ಲಿ ಒಂದು ಡಿಗ್ರಿಗೆ 2 ಮಿ.ಮೀ.ಗಿಂತ ಹೆಚ್ಚು ಸಿಗುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ 3 ಮಿ.ಮೀ. ಆಕ್ರಿಲಿಕ್ ಹಾಳೆಗೆ ಅಂಟಿಸಿಕೊಂಡರೆ ಬೇಕಾದಷ್ಟಾಯಿತು. ನಡುವಿನ ತೂತು ಮಾತ್ರ ಲೇತ್ ಮೇಲೆ ಆಗಲಿ, ಕೈ ಡ್ರಿಲ್ಲಿನಲ್ಲಿ ಮಾಡಿದರೆ ಚಕ್ರ ಸೊಟ್ಟ ತಿರುಗುತ್ತದೆ. ಮುಳ್ಳಿಗೆ ಹಳೆಯ ಚಕ್ರದ ಒಂದು ಸ್ಪೋಕ್ ಬಗ್ಗಿಸಿ, ತುದಿ ಚೂಪು ಮಾಡಿ.

ಪಿಸ್ಟನ್ ಸ್ಟಾಪ್ ಎಂದರೆ ಪ್ಲಗ್ಗಿನ ತೂತಿನಿಂದ ಒಳಗೆ ಇಳಿದು ಪಿಸ್ಟನ್ನನ್ನು ಮೇಲೆ ಬರದಂತೆ ತಡೆಯುವ ಬೋಲ್ಟ್. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಥ್ರೆಡ್ ಹಾಕಿಸಿ, ತುದಿ ಗುಂಡಗೆ ಮಾಡಿದ ಬೋಲ್ಟ್ ಕೂರಿಸಿಕೊಳ್ಳಬೇಕು. ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಾಗಲಿ, ಧಾರವಾಡದ ಲಕಮನಹಳ್ಳಿ ಕಡೆಯಾಗಲಿ ಲೇತ್ ಇಟ್ಟವರಿಗೆ ಇದು ಚಹಾ ಕುಡಿಯುವಷ್ಟರಲ್ಲಿ ಆಗುವ ಕೆಲಸ. ಪ್ಲಗ್ ಒಂದನ್ನು ಮಾದರಿಗೆ ಒಯ್ಯಿರಿ. "ಬೋಲ್ಟಿನ ತುದಿಗೆ ಚೂಪು ಬ್ಯಾಡ್ರಿ, ಪಿಸ್ಟನ್ ತಲಿಗೆ ಬಡೀತೈತಿ" ಎಂದು ಎರಡು ಸಲ ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಂಕಿ. ನಿಮ್ಮ ಕ್ಯಾಮಿನ ಇಂಟೇಕ್, ಎಕ್ಸಾಸ್ಟ್ ಲೋಬ್ ಸೆಂಟರ್ (ಲೋಬ್ ಎಂದರೆ ವಾಲ್ವ್ ಒತ್ತುವ ಕ್ಯಾಮಿನ ಉಬ್ಬು, ಅದರ ನೆತ್ತಿ ಬರುವ ಡಿಗ್ರಿಯೇ ಸೆಂಟರ್) ಎಷ್ಟು, ವಾಲ್ವ್ ಯಾವಾಗ ತೆರೆದು ಮುಚ್ಚಬೇಕು, ಅದನ್ನು ಎಷ್ಟು ಎತ್ತರದಲ್ಲಿ ಅಳೆಯಬೇಕು ಎನ್ನುವುದು ಸರ್ವಿಸ್ ಮ್ಯಾನುಯಲ್‌ನಲ್ಲೋ ಕ್ಯಾಮ್ ಜೊತೆ ಬಂದ ಚೀಟಿಯಲ್ಲೋ ಇರುತ್ತದೆ. ಇನ್ನೊಂದು ಮಾಡೆಲ್ಲಿನ ಅಂಕಿಯನ್ನು ಅಂದಾಜಿನ ಮೇಲೆ ಹಾಕುವುದಕ್ಕಿಂತ ಚುಕ್ಕೆ ಕೂಡಿಸಿ ಬಿಡುವುದೇ ವಾಸಿ. ಚೀಟಿಯಲ್ಲಿ ಲೋಬ್ ಸೆಂಟರ್ ಕೊಟ್ಟಿಲ್ಲವಾದರೆ ಲೆಕ್ಕ ಹಾಕಬಹುದು. ಇಂಟೇಕ್ ಟಿಡಿಸಿಗೆ 20 ಡಿಗ್ರಿ ಮೊದಲು ತೆರೆದು, ಬಿಡಿಸಿ (ಬಿ.ಡಿ.ಸಿ., ಪಿಸ್ಟನ್ ತೀರ ಕೆಳಗಿರುವ ಜಾಗ) ದಾಟಿ 60ಕ್ಕೆ ಮುಚ್ಚುತ್ತದೆ ಎಂದಿದ್ದರೆ: 20, 180, 60 ಕೂಡಿದರೆ 260. ಅದರ ಅರ್ಧ 130. ಅದರಿಂದ 20 ಕಳೆದರೆ 110. ಟಿಡಿಸಿ ದಾಟಿ 110 ಡಿಗ್ರಿಗೆ ಲೋಬಿನ ನೆತ್ತಿ.

ಬಿಚ್ಚುವ ಮುನ್ನ

ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಡಿಗ್ರಿ ಚಕ್ರ ಕಟ್ಟಿದಾಗ ಮನೆಯ ಹುಡುಗ ಬಂದು ಸೆಲ್ಫ್ ಒತ್ತಿದರೆ ಬೆರಳು ಹೋಗುತ್ತದೆ.

ನವಲಗುಂದ, ಅಣ್ಣಿಗೇರಿ, ಗದಗ ಕಡೆ ಬೇಸಿಗೆಯಲ್ಲಿ ಗಾಡಿ ಓಡಿಸುವವರ ಎಂಜಿನ್ ಮೇಲೆ ಎರೆಮಣ್ಣಿನ ಧೂಳು ಎಣ್ಣೆ ಜೊತೆ ಸೇರಿ ಗಟ್ಟಿ ಪದರವಾಗಿರುತ್ತದೆ, ವಿಶೇಷವಾಗಿ ಹೆಡ್ಡಿನ ಫಿನ್ ಸಂದಿಯಲ್ಲಿ ಮತ್ತು ಪ್ಲಗ್ ಬಾವಿಯಲ್ಲಿ. ಪ್ಲಗ್ ಬಿಚ್ಚಿದ ಕ್ಷಣ ಅದು ನೇರ ಸಿಲಿಂಡರಿಗೆ ಇಳಿಯುತ್ತದೆ. ಡೀಸೆಲ್ ಮತ್ತು ಬ್ರಷ್ಷಿನಿಂದ ತಿಕ್ಕಿ, ನೀರು ಹೊಡೆದು, ಗಾಳಿ ಊದಿಸಿ. ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ ಮತ್ತೊಮ್ಮೆ ಊದಿಸಿ, ಆಮೇಲೆ ತೆಗೆಯಿರಿ. ಜಗುಲಿಯ ಮೇಲೆ ಗಾಳಿಗೆ ಎದುರಾಗಿ ಕೂತು ಈ ಕೆಲಸ ಮಾಡಬೇಡಿ.

ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಎಂಬ ಅನುಮಾನವಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಮುಂದಕ್ಕೆ ತಿರುಗಿಸಿ, ಕ್ರ್ಯಾಂಕಿನ ತುದಿ ನೋಡಿ. ಬಾಣದ ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಎಲ್ಲ ಓದೂ ಆ ದಿಕ್ಕಿನಲ್ಲೇ ಆಗಬೇಕು. ಬೇಕಾದ ಜಾಗ ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ತರಬೇಡಿ. 30-40 ಡಿಗ್ರಿ ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಹಾಗೆ ಮಾಡದಿದ್ದರೆ ಚೈನಿನ ಸಡಿಲೆಲ್ಲ ಓದಿನೊಳಗೆ ಸೇರಿಕೊಳ್ಳುತ್ತದೆ.

ನಿಜವಾದ ಟಿಡಿಸಿ

ಇಡೀ ಕೆಲಸದ ಅಡಿಪಾಯ ಇದು, ಹೆಚ್ಚಿನವರು ಅವಸರ ಮಾಡುವುದೂ ಇಲ್ಲೇ. ಪ್ಲಗ್ಗಿನ ತೂತಿಗೆ ಸ್ಕ್ರೂಡ್ರೈವರ್ ಇಳಿಬಿಟ್ಟು "ಇನ್ನು ಮ್ಯಾಲ ಬರೂದಿಲ್ಲ" ಎನ್ನುವ ಜಾಗವನ್ನು ಟಿಡಿಸಿ ಎಂದು ಒಪ್ಪುತ್ತಾರೆ. ಪಿಸ್ಟನ್ ತುದಿಯಲ್ಲಿ ಎಷ್ಟು ಸೋಮಾರಿ ಎಂದು ಲೆಕ್ಕ ಮಾಡಿ ನೋಡಿ: 67.8 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಟಿಡಿಸಿಯಿಂದ 2 ಡಿಗ್ರಿ ಈಚೆಗೋ ಆಚೆಗೋ ತಿರುಗಿದರೆ ಪಿಸ್ಟನ್ ಇಳಿಯುವುದು 0.03 ಮಿ.ಮೀ.ಗಿಂತ ಕಡಿಮೆ. ತಲೆಗೂದಲಿನ ದಪ್ಪಕ್ಕೂ ಬರುವುದಿಲ್ಲ. 5 ಡಿಗ್ರಿಗೆ 0.16 ಮಿ.ಮೀ. ಸ್ಕ್ರೂಡ್ರೈವರಿಗೆ ಹೋಗಲಿ, ಡಯಲ್ ಗೇಜಿನ ಮುಳ್ಳಿಗೂ ತುದಿಯಲ್ಲಿ ನಿಖರ ಜಾಗ ಸಿಗುವುದಿಲ್ಲ. ಆದ್ದರಿಂದ ತುದಿಯನ್ನು ಹುಡುಕಬಾರದು. ಅದರ ಎರಡು ಬದಿಯಲ್ಲಿ ಸಮ ಎತ್ತರದ ಎರಡು ಜಾಗ ಹುಡುಕಿ ನಡುವೆ ಗೆರೆ ಎಳೆಯಬೇಕು.

ಕ್ಯಾಮ್ ಹೊರಗಿದ್ದರೆ ಪಿಸ್ಟನ್ ಸ್ಟಾಪ್ ಬಳಸಿ. ಟೈಮಿಂಗ್ ಚೈನನ್ನು ತಂತಿಯಿಂದ ಮೇಲೆತ್ತಿ ಕಟ್ಟಿ, ಕ್ರ್ಯಾಂಕ್ ತಿರುಗಿಸುವಾಗ ಅದು ಕೆಳಗೆ ಗುಂಪಾಗದಂತೆ ಒಬ್ಬರು ಹಿಡಿದಿರಲಿ. 'ಅ' ಸಿಲಿಂಡರ್ ಪಿಸ್ಟನ್ನನ್ನು ಅರ್ಧಕ್ಕೆ ಇಳಿಸಿ, ಸ್ಟಾಪ್ ಹಾಕಿ, ಡಿಗ್ರಿ ಚಕ್ರವನ್ನು ಕ್ರ್ಯಾಂಕಿನ ತುದಿಗೆ ಬಿಗಿದು, ಮುಳ್ಳು ಕೂರಿಸಿ. ಒಂದು ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ತಡೆದ ಕಡೆ ಓದಿ. ಇನ್ನೊಂದು ದಿಕ್ಕಿಗೆ ಸುತ್ತಿ ತಡೆದ ಕಡೆ ಓದಿ. ಒಂದು ಬದಿ 24, ಇನ್ನೊಂದು ಬದಿ 30 ಬಂತು ಎನ್ನೋಣ. ಕೂಡಿದರೆ 54, ಅರ್ಧ 27. ಸ್ಟಾಪಿಗೆ ತಾಗಿಸಿಕೊಂಡೇ ಮುಳ್ಳನ್ನು 27ಕ್ಕೆ ಬಗ್ಗಿಸಿ, ಮತ್ತೆ ಎರಡೂ ಬದಿ ನೋಡಿ. ಎರಡೂ 27 ಬಂದರೆ ಚಕ್ರದ ಸೊನ್ನೆಯೇ ನಿಜವಾದ ಟಿಡಿಸಿ. ಸ್ಟಾಪಿಗೆ ಪಿಸ್ಟನ್ ತಾಗುವಾಗ ಬೆರಳಿನ ಬಲ ಮಾತ್ರ. ಪಾನಾದ ಮೇಲೆ ಭಾರ ಹಾಕಿದರೆ ಪಿಸ್ಟನ್ ತಲೆಗೆ ತಗ್ಗು ಬೀಳುತ್ತದೆ.

ಕ್ಯಾಮ್ ಕೂತ ಎಂಜಿನ್ನಿಗೆ ಸ್ಟಾಪ್ ಬೇಡವೇ ಬೇಡ. ಹಿಂದಕ್ಕೆ ಸುತ್ತುವಾಗ ಓವರ್‌ಲ್ಯಾಪ್‌ನಲ್ಲಿ (ಎರಡೂ ವಾಲ್ವ್ ಚೂರು ತೆರೆದಿರುವ ಹೊತ್ತು) ತೆರೆದ ವಾಲ್ವ್ ಆ ಬೋಲ್ಟಿಗೆ ಬಡಿಯಬಹುದು, ಟ್ಯಾಪೆಟ್ ಸ್ಕ್ರೂ ಸಡಿಲಿಸಿದರೂ ವಾಲ್ವ್ ಪೂರ್ತಿ ಬಿಡುವುದಿಲ್ಲ. ಅಂಥಲ್ಲಿ ಪ್ಲಗ್ಗಿನ ತೂತಿನಿಂದ ಡಯಲ್ ಗೇಜಿಗೆ ಉದ್ದ ಕಡ್ಡಿ ಸೇರಿಸಿ ಇಳಿಬಿಟ್ಟು, ಕಂಪ್ರೆಷನ್ ಟಿಡಿಸಿಯ ಹತ್ತಿರ ತುದಿಗೆ 1 ಮಿ.ಮೀ. ಮೊದಲು ಒಂದು ಓದು, ದಾಟಿ 1 ಮಿ.ಮೀ. ಇಳಿದಾಗ ಒಂದು ಓದು ತೆಗೆಯಿರಿ. ನಡುವಿನದು ಟಿಡಿಸಿ. ಇಲ್ಲಿ ಹಿಂದೆ ತಿರುಗಿಸುವ ಪ್ರಮೇಯವೇ ಇಲ್ಲ.

ಇಷ್ಟಾದ ಮೇಲೆ ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ಮೇಲಿನ ಕಂಪನಿಯ ಟಿ (ಟಿಡಿಸಿ) ಗುರುತು ಎಲ್ಲಿ ನಿಂತಿದೆ ನೋಡಿ. ಒಂದೆರಡು ಡಿಗ್ರಿ ಆಚೀಚೆ ಕಂಡರೆ ಅಚ್ಚರಿ ಬೇಡ, ಅದು ಮಸೂರವಿಲ್ಲದ ಕಿಟಕಿಯಿಂದ ಓರೆಯಾಗಿ ನೋಡುವ ಗೆರೆ.

ಕ್ಯಾಮ್ ಕೂರಿಸುವಾಗ

ಹೊರಗಿದ್ದ ಕ್ಯಾಮನ್ನು ಒಳಗೆ ಇಡುವಾಗ ವಾಲ್ವ್ ಬಾಗುವ ಅಪಾಯ ಹೆಚ್ಚು. 360 ಡಿಗ್ರಿ ಟ್ವಿನ್‌ನಲ್ಲಿ ಎರಡೂ ಪಿಸ್ಟನ್ನನ್ನು ಅರ್ಧಕ್ಕೆ ಇಳಿಸಿದರೆ ನಿಶ್ಚಿಂತೆ. 270ರಲ್ಲಿ ಎರಡೂ ಪಿಸ್ಟನ್ ಸಮ ಎತ್ತರದಲ್ಲಿ ಕೆಳಗಿರುವ ಜಾಗವೊಂದಿದೆ: ಒಂದು ಬಿಡಿಸಿಗೆ 45 ಡಿಗ್ರಿ ಮೊದಲು, ಇನ್ನೊಂದು 45 ಡಿಗ್ರಿ ದಾಟಿ. ಕ್ಯಾಮಿನ ಬೇರಿಂಗ್ ಕ್ಯಾಪ್ ಬಿಗಿಯುವವರೆಗೆ ಅಲ್ಲೇ ಇರಲಿ. ಆಮೇಲೆ ಮ್ಯಾನುಯಲ್ ಹೇಳಿದ ಸಿಲಿಂಡರನ್ನು ಟಿಡಿಸಿಗೆ ತಂದು, ಸ್ಪ್ರಾಕೆಟ್ಟಿನ ಗುರುತು ಕೂಡಿಸಿ, ಚೈನ್ ಹಾಕಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ನಿಲ್ಲಿಸಿ. ದೂಡಬೇಡಿ.

ಚೈನ್ ಹಾಕುವಾಗ ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಬೇಕು, ಸಡಿಲೆಲ್ಲ ಟೆನ್ಷನರ್ ಬದಿಗೆ ಬರಬೇಕು. ಟೆನ್ಷನರ್ ಕೂರಿಸಿ ಅದರ ಸ್ಪ್ರಿಂಗ್ ಬಿಟ್ಟ ಮೇಲಷ್ಟೇ ಅಳತೆ ಶುರು. ಬೆರಳಿನಲ್ಲಿ ಚೈನ್ ಒತ್ತಿ ಹಿಡಿದು ಅಳೆದದ್ದು ಅಳತೆಯಲ್ಲ.

ಲೋಬ್ ಸೆಂಟರ್ ಅಳೆಯುವುದು

ಡಯಲ್ ಗೇಜಿನ ಕಡ್ಡಿ ವಾಲ್ವ್ ಸ್ಪ್ರಿಂಗಿನ ತಟ್ಟೆಯ ಮೇಲೆ, ವಾಲ್ವ್ ಚಲಿಸುವ ದಿಕ್ಕಿಗೇ ನೇರವಾಗಿ ಕೂರಬೇಕು. ಓರೆಯಾದರೆ ಎತ್ತರ ತಪ್ಪುತ್ತದೆ. ಟ್ಯಾಪೆಟ್ ಗ್ಯಾಪ್ ಚೀಟಿ ಹೇಳಿದಷ್ಟಿರಲಿ.

ಇಂಟೇಕ್ ವಾಲ್ವ್ ಮೊದಲು. ಪೂರ್ತಿ ತೆರೆಯುವವರೆಗೆ ತಿರುಗಿಸಿ ಮುಳ್ಳು ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಡಯಲ್ ಸೊನ್ನೆ ಮಾಡಿ. ಲೋಬಿನ ನೆತ್ತಿಯೂ ಪಿಸ್ಟನ್ನಿನ ತುದಿಯಂತೆ ಚಪ್ಪಟೆ, ಅಲ್ಲಿ ಓದಬಾರದು. ಎರಡು ಸುತ್ತು ತಿರುಗಿಸಿ ಮತ್ತೆ ಬನ್ನಿ. ನೆತ್ತಿಗೆ 1 ಮಿ.ಮೀ. ಬಾಕಿ ಇರುವಾಗ ಡಿಗ್ರಿ ಚಕ್ರ ಓದಿ, ನೆತ್ತಿ ದಾಟಿ 1 ಮಿ.ಮೀ. ಇಳಿದಾಗ ಮತ್ತೆ ಓದಿ. ಉದಾಹರಣೆಗೆ ಟಿಡಿಸಿ ದಾಟಿ 78 ಮತ್ತು 146. ಕೂಡಿ ಅರ್ಧ ಮಾಡಿದರೆ 112. ಚೀಟಿಯಲ್ಲಿ 110 ಇದೆ. ಇಂಟೇಕಿನ ಅಂಕಿ ದೊಡ್ಡದಾದರೆ ಕ್ಯಾಮ್ ತಡ, ಚಿಕ್ಕದಾದರೆ ಬೇಗ. ಇಲ್ಲಿ 2 ಡಿಗ್ರಿ ತಡ.

ಇಷ್ಟಕ್ಕೆ ನಿಲ್ಲಿಸಬೇಡಿ, ಎಕ್ಸಾಸ್ಟನ್ನೂ ಅಳೆಯಿರಿ. ಅದರ ಅಂಕಿ ಟಿಡಿಸಿಗೆ ಮೊದಲು ಬರುತ್ತದೆ: 142 ಮತ್ತು 74 ಬಂದರೆ ಸೆಂಟರ್ 108. ಇಂಟೇಕ್ 112, ಎಕ್ಸಾಸ್ಟ್ 108, ಸರಾಸರಿ 110. ಚೀಟಿಯಲ್ಲಿ ಎರಡೂ 110 ಇದ್ದರೆ ಇದು ಶುದ್ಧ ಟೈಮಿಂಗ್ ತಪ್ಪು. ಕ್ಯಾಮ್ 2 ಡಿಗ್ರಿ ಮುಂದೆ ಸರಿಸಿದರೆ ಎರಡೂ ತಾವಾಗಿ 110ಕ್ಕೆ ಬಂದು ಕೂರುತ್ತವೆ. ಆದರೆ ಇಂಟೇಕ್ 112, ಎಕ್ಸಾಸ್ಟ್ ಕೂಡ 112 ಬಂದರೆ? ಒಂದೇ ಕ್ಯಾಮ್ ಇರುವ 650ಯಂಥ ಎಂಜಿನ್ನಿನಲ್ಲಿ ಎರಡೂ ಲೋಬ್ ಒಂದೇ ಶಾಫ್ಟಿನ ಮೇಲಿವೆ, ಅವುಗಳ ನಡುವಿನ ಕೋನ ಕಾರ್ಖಾನೆಯಲ್ಲೇ ನಿಗದಿಯಾದದ್ದು. ಒಂದನ್ನು ಸರಿಮಾಡಿದರೆ ಇನ್ನೊಂದು ಅಷ್ಟೇ ಕೆಡುತ್ತದೆ. ಅಂಥ ಓದು ಬಂದರೆ ಮೊದಲು ಗೇಜ್ ನೇರವಿದೆಯೇ, ಚೀಟಿ ಇದೇ ಕ್ಯಾಮಿನದೇ ನೋಡಿ. ಎರಡೂ ಸರಿಯಿದ್ದರೆ ಕ್ಯಾಮೇ ಬೇರೆ ಗ್ರೈಂಡಿಂಗಿನದು, ಎಷ್ಟು ತಿರುಗಿಸಿದರೂ ಚೀಟಿಯಂತೆ ಆಗುವುದಿಲ್ಲ. ಬಾಕ್ಸಿನ ಮೇಲಿನ ಹೆಸರು ನೋಡಿ ಕೊಂಡ ಬದಲಿ ಕ್ಯಾಮಿನಲ್ಲಿ ಈ ಪರೀಕ್ಷೆಯೊಂದೇ ದುಡ್ಡು ಉಳಿಸುತ್ತದೆ.

ಈಗ ಇನ್ನೊಂದು ಸಿಲಿಂಡರ್. ಟ್ವಿನ್ ಎಂದ ಮೇಲೆ ಇದನ್ನು ಬಿಡುವಂತಿಲ್ಲ. 270ರಲ್ಲಿ 'ಆ' ಸಿಲಿಂಡರಿನ ಟಿಡಿಸಿ ಚಕ್ರದ ಮೇಲೆ 'ಅ' ಸಿಲಿಂಡರಿನ ಸೊನ್ನೆಗೆ 90 ಡಿಗ್ರಿ ಮೊದಲು ಬರುತ್ತದೆ, ಅಲ್ಲಿಂದ ಎಣಿಸಿ. ಎರಡು ಸಿಲಿಂಡರಿನ ಲೋಬ್ ಸೆಂಟರ್ ನಡುವೆ ಒಂದು ಡಿಗ್ರಿ ಆಸುಪಾಸು ವ್ಯತ್ಯಾಸ ಕಂಡರೆ ಬಿಟ್ಟುಬಿಡಿ, ಚಕ್ರ ಓದುವ ಕಣ್ಣಿನ ತಪ್ಪೇ ಅಷ್ಟಿರುತ್ತದೆ. ಹೆಚ್ಚಿದ್ದರೆ ಎರಡರ ಸರಾಸರಿ ಹಿಡಿದು ತಿದ್ದಿ, ಒಂದೇ ಸಿಲಿಂಡರನ್ನು ಮೆಚ್ಚಿಸಬೇಡಿ.

ತಿದ್ದುವುದು

ಚೀಟಿಗಿಂತ ಎರಡು ಡಿಗ್ರಿಯೊಳಗಿದ್ದರೆ ಕೈ ಹಚ್ಚಬೇಡಿ ಎನ್ನುವುದು ನನ್ನ ಮಾತು. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಚೈನ್ ಮತ್ತು ಟೆನ್ಷನರ್ ನೋಡಿ. ಸವೆದ ಚೈನ್ ಇಟ್ಟುಕೊಂಡು ಸ್ಪ್ರಾಕೆಟ್ ತಿದ್ದುವುದು ಹರಿದ ಅಂಗಿಗೆ ಗುಂಡಿ ಬದಲಿಸಿದಂತೆ.

ಕಂಪನಿಯ ಸ್ಪ್ರಾಕೆಟ್ಟಿನ ಬೋಲ್ಟ್ ತೂತು ಗುಂಡಗಿರುತ್ತದೆ, ಸರಿಸಲು ಜಾಗವಿಲ್ಲ. ಉದ್ದ ತೂತಿನ ಸ್ಪ್ರಾಕೆಟ್ ತರಿಸಬೇಕು, ಇಲ್ಲವೇ ಇರುವುದನ್ನೇ ಮಿಲ್ಲಿಂಗ್ ಮೆಷಿನ್ನಿನಲ್ಲಿ ಉದ್ದ ಮಾಡಿಸಬೇಕು. ಕಾನಸು ಹಿಡಿದು ಕೈಯಲ್ಲಿ ತಿಕ್ಕುವುದು ಬೇಡ. ಕಾರಣ ಅಳತೆ: ಬೋಲ್ಟ್ ನಡುವಿನಿಂದ 22 ಮಿ.ಮೀ. ದೂರದಲ್ಲಿದ್ದರೆ ಕ್ಯಾಮಿನ ಒಂದು ಡಿಗ್ರಿ ಎಂದರೆ 0.38 ಮಿ.ಮೀ. ನಮಗೆ ಬೇಕಾದ ಎರಡು ಕ್ರ್ಯಾಂಕ್ ಡಿಗ್ರಿಯ ಪೂರ್ತಿ ತಿದ್ದುಪಡಿ ಅಷ್ಟೇ. ಗಟ್ಟಿ ಮಾಡಿದ ಸ್ಪ್ರಾಕೆಟ್ಟಿಗೆ ಕಾನಸು ಹತ್ತುವುದೂ ಇಲ್ಲ.

ಬೋಲ್ಟ್ ಸಡಿಲಿಸಿ, ಕ್ರ್ಯಾಂಕ್ ಅಲುಗದಂತೆ ಇಟ್ಟು, ಕ್ಯಾಮನ್ನು ತಿರುಗುವ ದಿಕ್ಕಿಗೆ ಸರಿಸಿದರೆ ಟೈಮಿಂಗ್ ಮುಂದೆ, ಎದುರು ದಿಕ್ಕಿಗೆ ಸರಿಸಿದರೆ ಹಿಂದೆ. ಬಿಗಿದು ಮತ್ತೆ ಅಳೆಯಿರಿ. ಬೋಲ್ಟ್ ಬಿಗಿಯುವಾಗಲೇ ಅರ್ಧ ಡಿಗ್ರಿ ಓಡಿಹೋಗುತ್ತದೆ, ಆದ್ದರಿಂದ ಮೂರು ನಾಲ್ಕು ಸಲ ಆಗುವ ಕೆಲಸ ಎಂದೇ ಕೂರಿ. ಅಂಕಿ ಸರಿಬಂದ ಮೇಲೆ ಒಂದೊಂದೇ ಬೋಲ್ಟ್ ತೆಗೆದು ಥ್ರೆಡ್ ಲಾಕ್ ಹಚ್ಚಿ ಮ್ಯಾನುಯಲ್ ಟಾರ್ಕಿಗೆ ಬಿಗಿಯಿರಿ. ಈ ಬೋಲ್ಟ್ ಓಡುವಾಗ ಸಡಿಲಾದರೆ ಹೆಡ್, ಪಿಸ್ಟನ್, ವಾಲ್ವ್ ಮೂರೂ ಹೋಗುತ್ತವೆ.

ಇಂಟೇಕ್ ಬೇಗ ಮುಚ್ಚಿದರೆ ಕೆಳ ಆರ್‌ಪಿಎಂನಲ್ಲಿ ಎಳೆತ ಹೆಚ್ಚು, ತಡವಾಗಿ ಮುಚ್ಚಿದರೆ ಮೇಲಿನ ಓಟ ಹೆಚ್ಚು. ಹಳೇ ಹುಬ್ಬಳ್ಳಿಯ ಗಲ್ಲಿ, ಚಿಗರಿ ಬಸ್ಸಿನ ಪಕ್ಕದ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಾಡುವ ಗಾಡಿಗೆ ಚೀಟಿಗಿಂತ ಒಂದೆರಡು ಡಿಗ್ರಿ ಮುಂದೆ ಇಟ್ಟರೆ ಹಿತ. ಹಾವೇರಿ ಕಡೆ ಹೆದ್ದಾರಿಯಲ್ಲೇ ದಿನ ಕಳೆಯುವವರು ಚೀಟಿಯಂತೆಯೇ ಇಡಲಿ. ಇದಕ್ಕಿಂತ ಜಾಸ್ತಿ ಆಟವಾಡಿ ಲಾಭ ಹುಡುಕುವುದನ್ನು ರೇಸಿನವರಿಗೆ ಬಿಡೋಣ.

ಹಳೆಯ ಟ್ವಿನ್‌ಗಳಲ್ಲಿ ಕಿಡಿ ಹೊಡೆಸುವ ಪಾಯಿಂಟು ಕ್ಯಾಮ್ ಶಾಫ್ಟಿನ ತುದಿಯಲ್ಲೇ ಇದ್ದರೆ ಕ್ಯಾಮ್ ಸರಿಸಿದೊಡನೆ ಕಿಡಿಯೂ ಸರಿಯುತ್ತದೆ. ಇಗ್ನಿಷನ್ ಟೈಮಿಂಗ್ ಮತ್ತೆ ಕಟ್ಟಬೇಕು. ಕ್ರ್ಯಾಂಕ್ ಸೆನ್ಸರ್ ನೋಡಿ ಕಿಡಿ ಬಿಡುವ ಈಗಿನ ಗಾಡಿಗಳಿಗೆ ಈ ಕಾಟವಿಲ್ಲ.

ಮೈನದ ಪರೀಕ್ಷೆ

ಕ್ಯಾಮ್ ಬದಲಿಸಿದ್ದರೆ, ಹೆಡ್ ಕೆರೆಸಿದ್ದರೆ, ಟೈಮಿಂಗ್ ಸರಿಸಿದ್ದರೆ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಉಳಿದಿದೆ ನೋಡಲೇಬೇಕು. ಹೆಡ್ ಕೂರಿಸುವ ಮೊದಲೇ ಯೋಜನೆ ಮಾಡಿಕೊಳ್ಳಿ. ಪಿಸ್ಟನ್ ತಲೆಯ ವಾಲ್ವ್ ಗುಳಿಗಳಲ್ಲಿ ಮೈನದ ತೆಳು ರೊಟ್ಟಿ ಒತ್ತಿ, ಮೇಲೆ ಎರಡು ಹನಿ ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಟೈಮಿಂಗ್ ಕಟ್ಟಿ ಎರಡು ಸುತ್ತು ಕೈಯಿಂದ ತಿರುಗಿಸಿ. ಹೆಡ್ ತೆಗೆದರೆ ವಾಲ್ವಿನ ಅಂಚು ಮೈನದಲ್ಲಿ ಅರ್ಧಚಂದ್ರದಂತೆ ಮೂಡಿರುತ್ತದೆ. ಬ್ಲೇಡಿನಿಂದ ಅದನ್ನು ಅಡ್ಡ ಸೀಳಿ ತೆಳುವಾದ ಜಾಗದ ದಪ್ಪ ವರ್ನಿಯರ್‌ನಲ್ಲಿ ಅಳೆಯಿರಿ. ಇಂಟೇಕ್ ಬದಿ 1 ಮಿ.ಮೀ., ಹೆಚ್ಚು ಕಾಯುವ ಎಕ್ಸಾಸ್ಟ್ ಬದಿ 1.5 ಮಿ.ಮೀ. ಇದ್ದರೆ ಧೈರ್ಯ; ಮ್ಯಾನುಯಲ್ ಬೇರೆ ಹೇಳಿದ್ದರೆ ಅದೇ ಲೆಕ್ಕ. ಹಳೆಯ ಗ್ಯಾಸ್ಕೆಟ್ ಒಮ್ಮೆ ಒತ್ತಿ ತೆಳುವಾಗಿರುತ್ತದೆ, ಆದ್ದರಿಂದ ಹೊಸದರಲ್ಲಿ ಜಾಗ ಚೂರು ಹೆಚ್ಚೇ ಸಿಗುತ್ತದೆ. ಕೆಲಸ ಮುಗಿದ ಮೇಲೆ ಮೈನದ ಒಂದು ಚೂರೂ ಒಳಗುಳಿಯದಂತೆ ಒರೆಸಿ.

ಸ್ಟಾರ್ಟ್ ಮಾಡುವ ಮೊದಲು

ಪ್ಲಗ್ ಇಲ್ಲದೆ ಕೈಯಿಂದ ನಾಲ್ಕು ಸುತ್ತು. ಟ್ಯಾಪೆಟ್ ಪ್ರತಿ ಸಿಲಿಂಡರಿಗೂ ಅದರದೇ ಕಂಪ್ರೆಷನ್ ಟಿಡಿಸಿಯಲ್ಲಿ. 270ರಲ್ಲಿ 'ಅ' ಮುಗಿಸಿ ಮುಕ್ಕಾಲು ಸುತ್ತು ತಿರುಗಿಸಿ 'ಆ'. ಒಂದೇ ಗುರುತಿನಲ್ಲಿ ನಿಂತು ಎರಡೂ ಕಡೆ ಬಿಗಿದರೆ ಒಂದು ಬದಿಯ ತೆರೆದ ವಾಲ್ವಿಗೆ ಗ್ಯಾಪ್ ಕೊಟ್ಟಂತಾಗುತ್ತದೆ. 360 ಡಿಗ್ರಿ ಗಾಡಿ ಕಟ್ಟಿ ಕೈ ಪಳಗಿದವರು 650ಗೆ ಬಂದಾಗ ಹೆಚ್ಚಾಗಿ ಮಾಡುವುದು ಇದನ್ನೇ.

ಕ್ಯಾಮಿನ ಲೋಬ್, ರಾಕರ್ ಮೇಲೆ ಎಣ್ಣೆ ಸುರಿದು, ಪ್ಲಗ್ ಇಲ್ಲದೆ ಸೆಲ್ಫ್ ಒತ್ತಿ ಎಣ್ಣೆ ಮೇಲೆ ಬರುವವರೆಗೆ ತಿರುಗಿಸಿ. ಆಗ ಫ್ಯೂಯೆಲ್ ಪಂಪಿನ ಕನೆಕ್ಟರ್ ಬಿಚ್ಚಿರಲಿ, ಪ್ಲಗ್ ಕ್ಯಾಪ್‌ಗಳನ್ನು ಪ್ಲಗ್ ಸಮೇತ ಹೆಡ್ಡಿಗೆ ಅರ್ಥ್ ಮಾಡಿಡಿ. ಕಂಪ್ರೆಷನ್ ಗೇಜ್ ಇದ್ದರೆ ಥ್ರಾಟಲ್ ಪೂರ್ತಿ ತೆರೆದು ಎರಡೂ ಸಿಲಿಂಡರ್ ಅಳೆದು ಬರೆದಿಡಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಫರಕಿದ್ದರೆ ಟೈಮಿಂಗ್ ಬಿಟ್ಟು ವಾಲ್ವ್ ಸೀಟು, ರಿಂಗು ಕಡೆ ನೋಡಬೇಕು. ಒಂದೇ ಕ್ಯಾಮಿನ ಟೈಮಿಂಗ್ ತಪ್ಪಿದ್ದರೆ ಎರಡೂ ಬದಿ ಸಮನಾಗಿ ಇಳಿಯುತ್ತಿತ್ತು.

ಮೊದಲ ಸ್ಟಾರ್ಟಿನಲ್ಲಿ ಬಲೂನಿಗೆ ಗಾಳಿ ಹಾಕಿದಂತೆ ಆಕ್ಸಿಲರೇಟರ್ ತಿರುವುವುದು ಬೇಡ. ಎಂಜಿನ್ ಬಿಸಿಯಾಗಲಿ, ಟೆನ್ಷನರ್ ಬದಿ ಕಿವಿಗೊಟ್ಟು ಚೈನ್ ಬಡಿಯುವ ಸದ್ದಿದೆಯೇ ಕೇಳಿ, ಬಂದ್ ಮಾಡಿ, ಪೂರ್ತಿ ಆರಿದ ಮೇಲೆ ಟ್ಯಾಪೆಟ್ ಮತ್ತೊಮ್ಮೆ ನೋಡಿ. 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ಹೊಸ ಚೈನ್ ಹಾಕಿದ್ದರೆ ಮೊದಲ ಎರಡು ಸಾವಿರ ಕಿ.ಮೀ.ನಲ್ಲಿ ಅದು ಚೂರು ಎಳೆದುಕೊಳ್ಳುತ್ತದೆ, ಆಗ ಲೋಬ್ ಸೆಂಟರ್ ಮತ್ತೆ ಅಳೆದರೆ ಒಂದು ಡಿಗ್ರಿಯಷ್ಟು ತಡ ಸಿಗುವುದು ಮಾಮೂಲು. ಈ ಸಲದ ನಾಲ್ಕೂ ಅಂಕಿ, ಗ್ಯಾಸ್ಕೆಟ್ಟಿನ ದಪ್ಪ, ಹೆಡ್ ಎಷ್ಟು ಕೆರೆಸಿದ್ದು, ಗಾಡಿ ಓಡಿದ ಕಿ.ಮೀ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಅಂಟಿಸಿಡಿ. ಮುಂದೆ ಹೆಡ್ ಬಿಚ್ಚುವವನು ನೀವೇ ಆಗಿರಬೇಕೆಂದಿಲ್ಲ.